ಕುಂಞಾಲಿ ಮರಕ್ಕಾರ್ ಸ್ಮಾರಕ: ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು, ಅಳಿವೆಯಲ್ಲಿ ಅರ್ಧ ದಿನ

ರಸ್ತೆ ಬದಿಯ ಸ್ಮಾರಕಗಳ ಫೋಟೊ ತೆಗೆದು, ಅವು ಇರುವ ಜಾಗವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಜನರೇ ಸೇರಿ ತುಂಬುವ ಆನ್‌ಲೈನ್ ನಕ್ಷೆ) ಸೇರಿಸುವುದು ನನ್ನ ಹವ್ಯಾಸ. ವೀರಗಲ್ಲು, ಸತ್ತ ಸೈನಿಕರ ಹೆಸರಿರುವ ಕಂಬ, ಗಿಡದ ಮರೆಯಲ್ಲಿರುವ ಫಲಕ, ಯಾವುದಾದರೂ ಸರಿ. ಕೇರಳದ ಕುಂಞಾಲಿ ಮರಕ್ಕಾರ್ ಸ್ಮಾರಕಕ್ಕೆ ನನ್ನನ್ನು ಕಳಿಸಿದ್ದು ಮಾತ್ರ ನಮ್ಮ ಉಳ್ಳಾಲ.

ರಾಣಿ ಅಬ್ಬಕ್ಕನ ಇತಿಹಾಸ ಓದುವಾಗ ಕುಟ್ಟಿ ಪೋಕರ್ ಮರಕ್ಕಾರ್ ಅಂತ ಒಂದು ಹೆಸರು ಬರುತ್ತದೆ. ಕಲ್ಲಿಕೋಟೆಯ ಸಾಮೂದಿರಿ ರಾಜನ ಕಡೆಯವನು. ಸುಮಾರು 1570ರ ಹೊತ್ತಿಗೆ ಅಬ್ಬಕ್ಕನ ಪರವಾಗಿ ಬಂದು ಮಂಗಳೂರಿನ ಪೋರ್ಚುಗೀಸ್ ಕೋಟೆಗೆ ನುಗ್ಗಿದ. ವಾಪಸ್ ಹೋಗುವ ದಾರಿಯಲ್ಲಿ ಪೋರ್ಚುಗೀಸರ ಕೈಯಲ್ಲಿ ಸತ್ತ. ಅಬ್ಬಕ್ಕನಿಗೆ ನಮ್ಮಲ್ಲಿ ಪ್ರತಿಮೆ ಇದೆ, ಉತ್ಸವ ಇದೆ, ಕೋಸ್ಟ್ ಗಾರ್ಡ್ ಹಡಗಿಗೂ ಆಕೆಯ ಹೆಸರಿದೆ. ಸಾಮೂದಿರಿಯ ನೌಕಾಪಡೆ ನಡೆಸಿದ ಈ ಮರಕ್ಕಾರ್‌ಗಳು ಯಾರು, ಎಲ್ಲಿಯವರು ಅಂತ ಕೇಳಿದರೆ ನಮ್ಮ ಕಡೆ ಹೇಳುವವರು ಕಮ್ಮಿ. ಸಿನಿಮಾದಿಂದ ಹೆಸರು ಕೇಳಿದವರು ಇದ್ದಾರೆ, ಅಷ್ಟೇ.

ಅವರ ಊರು ಕೋಟಕ್ಕಲ್. ಇಲ್ಲೇ ಒಂದು ಎಚ್ಚರಿಕೆ. ಕೋಟಕ್ಕಲ್ ಅಂದ ಕೂಡಲೇ ಎಲ್ಲರೂ ಆಯುರ್ವೇದ ಚಿಕಿತ್ಸೆಯ ಕೋಟಕ್ಕಲ್ ಕಡೆ ಕೈ ತೋರಿಸುತ್ತಾರೆ. ಅದು ಮಲಪ್ಪುರಂ ಜಿಲ್ಲೆ. ನಮಗೆ ಬೇಕಾದ್ದು ಕಲ್ಲಿಕೋಟೆ ಜಿಲ್ಲೆಯ ವಡಗರ ಹತ್ತಿರದ್ದು. 'ಇರಿಂಗಲ್ ಕೋಟಕ್ಕಲ್' ಅಂತಲೇ ಕೇಳಬೇಕು. ಮಂಗಳೂರಿನಿಂದ ರೈಲಿನಲ್ಲಿ ವಡಗರಕ್ಕೆ ಹೋಗಿ, ಪಯ್ಯೋಳಿ ಕಡೆಯ ಬಸ್ ಹತ್ತಿ, ಮೂರಾಡ್ ಸೇತುವೆ ದಾಟಿ ಇಳಿದರೆ ಆಮೇಲೆ ಆಟೊ. ನನ್ನ ಮಲಯಾಳಂ ಅಷ್ಟಕ್ಕಷ್ಟೆ. ಅದಕ್ಕೇ ಬ್ಯಾರಿ ಮಾತಾಡುವ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಅವನು "ಇಕ್ಕಾ" (ಅಣ್ಣಾ) ಅಂತ ಶುರು ಮಾಡಿದರೆ ಸಾಕು, ಆಟೊದವರು ದಾರಿಯ ಜೊತೆಗೆ ಊರಿನ ಕಥೆಯನ್ನೂ ಹೇಳುತ್ತಿದ್ದರು.

ಇಲ್ಲಿ ನೌಕಾಪಡೆ ನಿಲ್ಲಿಸಿದ ಸ್ಮಾರಕವಿದೆ. ಮರಕ್ಕಾರ್ ಮನೆಯಲ್ಲಿ ಉಳಿದ ಭಾಗ ಈಗ ಚಿಕ್ಕ ಮ್ಯೂಸಿಯಂ. ಅಲ್ಲಿ ಹಳೆಯ ಕತ್ತಿ, ಚೂರಿ, ಫಿರಂಗಿ ಗುಂಡುಗಳಿವೆ. ಗುಂಡುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮರದ ಹಲಗೆಯ ದೋಣಿಗೆ ಇದು ಬಡಿದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಸಾಕು, ಪಕ್ಕದ ವಿವರಣೆ ಬೋರ್ಡು ಓದದಿದ್ದರೂ ನಡೆಯುತ್ತದೆ.

ಫಲಕದ ಫೋಟೊಗೆ ನನ್ನ ವಿಧಾನ ಸುಲಭದ್ದು. ನಡು ಮಧ್ಯಾಹ್ನ ಹೋಗಬಾರದು. ಬೆಳಕು ನೇರ ಬಿದ್ದರೆ ಕೆತ್ತಿದ ಅಕ್ಷರ ಮಾಯವಾಗುತ್ತದೆ. ಬೆಳಗ್ಗೆ ಅಥವಾ ಸಂಜೆ ಹೋಗಿ, ಮೊಬೈಲ್ ಟಾರ್ಚನ್ನು ಕಲ್ಲಿಗೆ ಹೆಚ್ಚೂಕಡಿಮೆ ತಾಗಿಸಿದಂತೆ ಪಕ್ಕದಿಂದ ಹಿಡಿಯಿರಿ. ಸವೆದ ಗೀರಿಗೂ ಒಂದು ನೆರಳು ಹುಟ್ಟುತ್ತದೆ, ಅಕ್ಷರ ಎದ್ದು ಕಾಣುತ್ತದೆ. ನಯ ಮಾಡಿದ ಗ್ರಾನೈಟ್ ಆದರೆ ಕಷ್ಟ ಬೇರೆ: ಫೋಟೊದಲ್ಲಿ ನಮ್ಮದೇ ಮುಖ ಬರುತ್ತದೆ. ನಮ್ಮ ಬೆನ್ನ ಹಿಂದೆ ಒಂದು ಕಪ್ಪು ಕೊಡೆ ಬಿಚ್ಚಿ ಹಿಡಿದರೆ ಮುಗಿಯಿತು. ಕರಾವಳಿಯವರ ಚೀಲದಲ್ಲಿ ಕೊಡೆ ಇದ್ದೇ ಇರುತ್ತದೆ ಅಲ್ವಾ? ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು ಬಳಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಕಲ್ಲು ಹಾಳಾಗುತ್ತದೆ.

ಇಷ್ಟಕ್ಕೆ ಸ್ಮಾರಕದ ಕೆಲಸ ಆಯಿತು. ಹೆಚ್ಚಿನವರು ಇಲ್ಲಿಂದಲೇ ಸೆಲ್ಫಿ ತೆಗೆದು ಹೊರಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಇನ್ನೂ ಮುಂದಿದೆ. ಕುಂಞಾಲಿ ಯಾಕೆ ಇಲ್ಲೇ ಕೋಟೆ ಕಟ್ಟಿದ ಅನ್ನುವುದು ಕಲ್ಲಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಅಳಿವೆಗೆ ಹೋಗಬೇಕು.

ಕುಟ್ಟ್ಯಾಡಿ ಹೊಳೆ ಇಲ್ಲಿ ಸಮುದ್ರ ಸೇರುತ್ತದೆ. ಈ ದಡದಲ್ಲಿ ಕೋಟಕ್ಕಲ್, ಆ ದಡದಲ್ಲಿ ವಡಗರದ ಸ್ಯಾಂಡ್‌ಬ್ಯಾಂಕ್ಸ್ ಬೀಚು. ಇಳಿತದ ಹೊತ್ತಿಗೆ ಹೋಗಿ. ಎಲ್ಲಿ ಮರಳಿನ ದಿಬ್ಬ, ಎಲ್ಲಿ ಆಳದ ನೀರು ಅಂತ ಅಲೆ ಒಡೆಯುವುದನ್ನು ನೋಡಿಯೇ ಹೇಳಬಹುದು. ಉಳ್ಳಾಲದ ಕೋಟೆಪುರದಲ್ಲಿ ನಿಂತು ನೇತ್ರಾವತಿ ಅಳಿವೆ ನೋಡಿದವರಿಗೆ ಇದು ಹೊಸತಲ್ಲ. ನಮ್ಮ ಮೀನುಗಾರರು ಅಳಿವೆ ಬಾಗಿಲು ದಾಟುವಾಗ ಉಸಿರು ಬಿಗಿ ಹಿಡಿಯುವುದು ಇದೇ ಕಾರಣಕ್ಕೆ. ಮರಕ್ಕಾರ್‌ಗಳದ್ದು 30–40 ಜನ ಹುಟ್ಟು ಹಾಕುವ ಸಣ್ಣ ಯುದ್ಧದೋಣಿಗಳು. ಕಡಲಲ್ಲಿ ಹೊಡೆದು, ಅಟ್ಟಿಸಿಕೊಂಡು ಬಂದರೆ ಸೀದಾ ಹೊಳೆಯೊಳಗೆ ನುಗ್ಗುತ್ತಿದ್ದವು. ಪೋರ್ಚುಗೀಸರ ದೊಡ್ಡ ಹಡಗು ಮರಳಿನ ಮೇಲೆ ಬರುವಂತಿಲ್ಲ. 2000ದಲ್ಲಿ ಅಂಚೆ ಇಲಾಖೆ ಕುಂಞಾಲಿಗಾಗಿ ತಂದ 3 ರೂಪಾಯಿಯ ಸ್ಟ್ಯಾಂಪಿನಲ್ಲೂ ಇಂಥದ್ದೇ ದೋಣಿ ಇದೆ.

ಕುಂಞಾಲಿ ಅನ್ನುವುದು ಒಬ್ಬನ ಹೆಸರಲ್ಲ, ಬಿರುದು. ನಾಲ್ವರು ಪ್ರಸಿದ್ಧರು. 1571ರಲ್ಲಿ ಸಾಮೂದಿರಿಯ ಒಪ್ಪಿಗೆ ಪಡೆದು ಇಲ್ಲಿ ಕೋಟೆ ಕಟ್ಟಿಸಿದ್ದು ಮೂರನೆಯವನು. ನಾಲ್ಕನೆಯವನು ತಾನೇ ಕಡಲಿನ ಒಡೆಯ ಅಂದುಕೊಂಡ. ಸಾಮೂದಿರಿಗೆ ಅದು ಸಹಿಸಲಿಲ್ಲ. ಅಷ್ಟು ವರ್ಷ ಹೊಡೆದಾಡಿದ ಪೋರ್ಚುಗೀಸರ ಜೊತೆಗೇ ಕೈ ಜೋಡಿಸಿದ! 1599ರ ಮೊದಲ ದಾಳಿ ಸೋತಿತು. 1600ರಲ್ಲಿ ಆಂಡ್ರೆ ಫುರ್ಟಾಡೊ ಅನ್ನುವ ಪೋರ್ಚುಗೀಸ್ ಸೇನಾಪತಿಯ ನೇತೃತ್ವದಲ್ಲಿ ಮತ್ತೆ ಬಂದರು. ಸಮುದ್ರದ ಕಡೆ ಪೋರ್ಚುಗೀಸರು, ನೆಲದ ಕಡೆ ಸಾಮೂದಿರಿಯ ಪಡೆ. ಅಳಿವೆ ಕಾಯುತ್ತಿದ್ದುದು ಒಂದೇ ಕಡೆ, ಬೆನ್ನ ಹಿಂದೆ ತನ್ನ ರಾಜನೇ ಬಂದರೆ ಮರಳು ದಿಬ್ಬ ಏನು ಮಾಡೀತು? ಜೀವ ಉಳಿಸುವ ಮಾತು ನಂಬಿ ಕುಂಞಾಲಿ ಸಾಮೂದಿರಿಗೆ ಶರಣಾದ. ಪೋರ್ಚುಗೀಸರು ಅವನನ್ನು ಅಲ್ಲೇ ಹಿಡಿದು ಗೋವೆಗೆ ಒಯ್ದು ತಲೆ ಕಡಿದರು. ಆ ತಲೆಗೆ ಉಪ್ಪು ತುಂಬಿ ಕಣ್ಣೂರಿನಲ್ಲಿ ಜನರಿಗೆ ಕಾಣುವಂತೆ ಇಟ್ಟರು. ವೀರನ ಸ್ಮಾರಕ ಅಂತ ಹೋದವನಿಗೆ ನನಗೆ ಹೆಚ್ಚು ಕಾಡಿದ್ದು ಸಾಮೂದಿರಿಯ ಲೆಕ್ಕಾಚಾರ.

ಮನೆಗೆ ಬಂದ ಮೇಲಿನ ಕೆಲಸ ಬೇಗ ಮುಗಿಯುತ್ತದೆ. ಮ್ಯಾಪಿನಲ್ಲಿ ಬಿಂದು ಇಟ್ಟು 'ಮೆಮೋರಿಯಲ್' ಟ್ಯಾಗ್ ಹಾಕಿ. ಮಲಯಾಳಂ ಹೆಸರಿನ ಜೊತೆ ಕನ್ನಡ ಹೆಸರಿಗೂ ಬೇರೆ ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ಫೋಟೊವನ್ನು ವಿಕಿಮೀಡಿಯ ಕಾಮನ್ಸ್‌ಗೆ (ವಿಕಿಪೀಡಿಯ ಬಳಸುವ ಮುಕ್ತ ಚಿತ್ರಗಳ ಸಂಗ್ರಹ) ಹಾಕುವುದಾದರೆ, ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಶಿಲ್ಪದ ಫೋಟೊಗೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಫಲಕದ ಉದ್ದನೆಯ ಬರಹ, ಚಿತ್ರಗಳಿಗೆ ಅದು ಸಾಲದು, ಹಾಗಾಗಿ ಅವುಗಳ ಕ್ಲೋಸಪ್ ನನ್ನ ಫೋನಿನಲ್ಲೇ ಇರುತ್ತದೆ.

ಈಗ ಮಂಗಳೂರು ಕಡೆ ಕುಟ್ಟಿ ಪೋಕರ್ ಹೆಸರಿರುವ ಕಲ್ಲೋ, ರಸ್ತೆಯೋ ಇದೆಯಾ ಅಂತ ಹುಡುಕುತ್ತಿದ್ದೇನೆ. ನಾನು ನೋಡಿದ ಕಡೆ ಸಿಕ್ಕಿಲ್ಲ. ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಜಾಗ ಹೇಳಿ, ಕೊಡೆ ಹಿಡಿದುಕೊಂಡು ಬರುತ್ತೇನೆ.