ಕದ್ದುಹೋದ ಸ್ಪೋರ್ಟ್ಸ್ ಕಾರ್ಡುಗಳನ್ನು ಮರಳಿ ಪಡೆದ ಬಗೆ: ನನ್ನ ಅನುಭವ

ಮನೆಗಳ್ಳತನದಲ್ಲಿ ಹೋದ ಕಾರ್ಡುಗಳ ಆಸೆ ಬಿಟ್ಟುಬಿಡಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಉತ್ತರಕ್ಕಿರುವ ಉಪನಗರದ ನಮ್ಮ ಮನೆಯಿಂದ ಹೋದದ್ದು ಒಟ್ಟು 214 ಕಾರ್ಡು. ಅವುಗಳಲ್ಲಿ ಗ್ರೇಡ್ ಆಗಿದ್ದವು, ಅಂದರೆ ಸಂಸ್ಥೆಯೊಂದು ಪರೀಕ್ಷಿಸಿ ಅಂಕ ಕೊಟ್ಟವು, 61, ಉಳಿದ 153 ಬಿಡಿ ಕಾರ್ಡುಗಳು. ಹನ್ನೊಂದು ವಾರಗಳಲ್ಲಿ ಗ್ರೇಡ್ ಆದವುಗಳಲ್ಲಿ 44, ಬಿಡಿಯವುಗಳಲ್ಲಿ 39 ಕೈಸೇರಿದವು. ಸಿಕ್ಕಿದ್ದಕ್ಕೂ ಸಿಗದೇ ಹೋದದ್ದಕ್ಕೂ ಕಾರಣ ಒಂದೇ. 'ಇಂಥ ಕಾರ್ಡು ನನ್ನ ಹತ್ತಿರ ಇತ್ತು' ಎಂದರೆ ಯಾರೂ ಏನೂ ಮಾಡಲಾರರು. 'ಇದೇ ಆ ಕಾರ್ಡು' ಎಂದು ತೋರಿಸಿದರೆ ಪೊಲೀಸರು, ಅಂಗಡಿಯವರು, ವಿಮೆಯವರು ಎಲ್ಲರೂ ಕದಲುತ್ತಾರೆ.

ಈ ಹವ್ಯಾಸ ಹೊಸದೆನಿಸುವವರಿಗೆ ಎರಡು ಮಾತು. ನಾವು ಊರಲ್ಲಿ ಆಡುತ್ತಿದ್ದ ಟ್ರಂಪ್ ಕಾರ್ಡಿನಷ್ಟೇ ದೊಡ್ಡದಾದ, ಆಟಗಾರರ ಚಿತ್ರ ಅಚ್ಚಾದ ರಟ್ಟು ಇದು, ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. 1957ರಲ್ಲಿ ಟಾಪ್ಸ್ ಕಂಪನಿ ಈ ಅಳತೆಗೆ ಬಂದಮೇಲೆ ಅದೇ ರೂಢಿಯಾಯಿತು. ಬೆಲೆಬಾಳುವ ಕಾರ್ಡನ್ನು ಪಿ.ಎಸ್.ಎ., ಬೆಕೆಟ್, ಎಸ್.ಜಿ.ಸಿ. ಮುಂತಾದ ಸಂಸ್ಥೆಗಳಿಗೆ ಕಳಿಸಿದರೆ ಪರೀಕ್ಷಿಸಿ, ಹತ್ತರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ. ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಅದರ ಲೇಬಲ್ ಮೇಲೆ ಒಂದು ಸರ್ಟ್ ನಂಬರ್ ಇರುತ್ತದೆ, ಪ್ರತಿ ಸ್ಲ್ಯಾಬಿಗೂ ಬೇರೆ ಬೇರೆ. ಹುಡುಕಾಟದ ಬೆನ್ನೆಲುಬು ಈ ನಂಬರು.

ಮೊದಲ ದಿನದ ಕೆಲಸ. ಇಲ್ಲಿ ಭಾರತೀಯರ ಮನೆಗೆ ನುಗ್ಗುವವರು ಸಾಮಾನ್ಯವಾಗಿ ಬರುವುದು ಚಿನ್ನಕ್ಕೆ, ನೇರ ಮಲಗುವ ಕೋಣೆಯ ಕ್ಲಾಸೆಟ್ಟಿಗೆ. ಕಾರ್ಡಿನ ಪೆಟ್ಟಿಗೆಯೂ ಅಲ್ಲೇ ಇದ್ದರೆ ಜೊತೆಗೇ ಹೋಗುತ್ತದೆ. ಅವರು ಬಿಟ್ಟುಹೋದ ಖಾಲಿ ಡಬ್ಬಿ, ಟಾಪ್‌ಲೋಡರ್ (ಕಾರ್ಡನ್ನು ಮೇಲಿನಿಂದ ಇಳಿಸಿಡುವ ಗಟ್ಟಿ ಪ್ಲಾಸ್ಟಿಕ್ ಲಕೋಟೆ), ಬಿದ್ದ ಸ್ಲ್ಯಾಬ್ ಯಾವುದನ್ನೂ ಎತ್ತಿಡಬೇಡಿ. ನುಣುಪಾದ ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಚೆನ್ನಾಗಿ ಕೂರುತ್ತದೆ. ಅಕ್ಕಪಕ್ಕದ ಮನೆಗಳ ಬಾಗಿಲ ಕ್ಯಾಮೆರಾ ವೀಡಿಯೋ ಅಂದೇ ಕೇಳಿ ಉಳಿಸಿಸಿಕೊಳ್ಳಿ, ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ.

ಮನೆಗೆ ಬರುವ ಪೊಲೀಸರಿಗೆ ಕಾರ್ಡಿನ ವಿಷಯ ಗೊತ್ತಿರಬೇಕೆಂದಿಲ್ಲ. ಮೊದಲ ವರದಿಯಲ್ಲಿ 'ಸ್ಪೋರ್ಟ್ಸ್ ಕಾರ್ಡುಗಳು, ಒಂದು ಪೆಟ್ಟಿಗೆ' ಎಂಬ ಒಂದೇ ಸಾಲು ಬರುತ್ತದೆ. ಅದು ಹಾಗೇ ಉಳಿದರೆ ಮುಂದೆ ಯಾರ ಕೈಯಲ್ಲಿ ಸಿಕ್ಕರೂ ನಿಮ್ಮದೆಂದು ಹೇಳಲು ಕಾಗದದ ಬಲವಿಲ್ಲ. ಕೇಸ್ ನಂಬರ್ ತೆಗೆದುಕೊಂಡು, 48 ಗಂಟೆಯೊಳಗೆ ಪೂರ್ತಿ ಪಟ್ಟಿಯನ್ನು ಪೂರಕ ವರದಿಯಾಗಿ ಸೇರಿಸಿಸಿ. ನಾನು ಕೊಟ್ಟದ್ದು ಎರಡು ಕಡತ. ಒಂದರಲ್ಲಿ ಅತಿ ಬೆಲೆಯ ಇಪ್ಪತ್ತು ಕಾರ್ಡುಗಳ ಫೋಟೋ ಮತ್ತು ಸರ್ಟ್ ನಂಬರ್, ಎರಡೇ ಪುಟ. ಇನ್ನೊಂದು ಇಡೀ ಎಕ್ಸೆಲ್. ಪತ್ತೇದಾರರು ಓದುವುದು ಮೊದಲನೆಯದನ್ನು, ದಾಖಲೆಗೆ ಬೇಕಾಗುವುದು ಎರಡನೆಯದು. ಸರ್ಟ್ ನಂಬರಿನ ಕಾಲಮ್ಮಿಗೆ 'ಸೀರಿಯಲ್ ನಂಬರ್' ಎಂದೇ ಹೆಸರಿಡಿ. ಎಫ್.ಬಿ.ಐ. 1967ರಿಂದ ನಡೆಸುತ್ತಿರುವ ಎನ್.ಸಿ.ಐ.ಸಿ. ಎಂಬ ದೇಶವ್ಯಾಪಿ ಕಡತದಲ್ಲಿ ಕಳವಾದ ವಸ್ತು ಸೇರಬೇಕಾದರೆ ಅದಕ್ಕೊಂದು ವಿಶಿಷ್ಟ ಸಂಖ್ಯೆ ಬೇಕು. ಈ ನಂಬರುಗಳನ್ನು ಸೇರಿಸಿ ಎಂದು ನೀವೇ ಬಾಯಿಬಿಟ್ಟು ಕೇಳಬೇಕು.

ನಂಬರ್ ಬರೆದಿಟ್ಟುಕೊಂಡಿರಲಿಲ್ಲ ಎಂದರೆ ಕೈ ಚೆಲ್ಲಬೇಕಿಲ್ಲ. ನೀವೇ ಗ್ರೇಡಿಂಗಿಗೆ ಕಳಿಸಿದ್ದರೆ ಆ ಸಂಸ್ಥೆಯ ನಿಮ್ಮ ಖಾತೆಯಲ್ಲಿ ಹಳೆಯ ಆರ್ಡರುಗಳಿರುತ್ತವೆ, ಅದರೊಳಗೆ ನಂಬರೂ ಇರುತ್ತದೆ. ಈಚಿನವಕ್ಕೆ ಎರಡೂ ಬದಿಯ ಚಿತ್ರವೂ ಸಿಗುತ್ತದೆ. ಈಬೇಯಲ್ಲಿ ಕೊಂಡಿದ್ದರೆ ಖರೀದಿ ಪಟ್ಟಿ, ಇಮೇಲ್, ಪೇಪಾಲ್ ಲೆಕ್ಕ ನೋಡಿ. ಮಾರಿದವರು ಹಾಕಿದ್ದ ಫೋಟೋದಲ್ಲಿ ಲೇಬಲ್ ಓದುವಂತಿರುತ್ತದೆ. ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳನ್ನೂ ಬಿಡಬೇಡಿ. ನನ್ನ 61ರಲ್ಲಿ 9 ಕಾರ್ಡುಗಳ ನಂಬರು ಸಿಕ್ಕಿದ್ದು ಹೀಗೆಯೇ.

ಇನ್ನು ಸ್ಲ್ಯಾಬ್ ಒಡೆದರೆ? ತಿಳಿದ ಕಳ್ಳ ಮೊದಲು ಮಾಡುವುದೇ ಅದು. ಡಬ್ಬಿಯ ಮೂಲೆ ಮುರಿದು ಕಾರ್ಡನ್ನು ಹೊರತೆಗೆದರೆ ನಂಬರಿನ ಆಟ ಮುಗಿಯಿತು ಎಂಬ ಲೆಕ್ಕ. ಆದರೆ ಕಾರ್ಡಿಗೆ ಅದರದೇ ಮಚ್ಚೆಗಳಿರುತ್ತವೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ನ ನನ್ನ ಕಾರ್ಡು ಮನೆಗೆ ಬಂದದ್ದು ಹಾಗೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅದು ಫ್ಲೀರ್ ಕಂಪನಿಯ 1986ರ ಸೆಟ್ಟಿನ 57ನೇ ಕಾರ್ಡು. ಇಡೀ ಸೆಟ್ಟು 132 ಕಾರ್ಡಿನದು. ಒಂದು ಅಂಗಡಿಗೆ ಅದು ಬಿಡಿಯಾಗಿ, ಸಾದಾ ಟಾಪ್‌ಲೋಡರಿನಲ್ಲಿ ಬಂದಿತ್ತು. ನನ್ನ ಹತ್ತಿರ ಅದರ 1200 ಡಿ.ಪಿ.ಐ. (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಸ್ಕ್ಯಾನ್ ಇತ್ತು. ಅಂಗಡಿಯವರು ತೆಗೆದ ಫೋಟೋವನ್ನು ಪಕ್ಕದಲ್ಲಿಟ್ಟು ಮೂರು ಗುರುತು ನೋಡಿದೆವು. ಒಂದು, ಬಿಳಿ ಅಂಚಿನ ಅಗಲ: ಎಡಕ್ಕೆ 1.6 ಮಿ.ಮೀ., ಬಲಕ್ಕೆ 2.1. ಇದೊಂದೇ ಸಾಲದು, ಹೀಗೆ ಕತ್ತರಿಸಿದ ಕಾರ್ಡುಗಳು ಬೇಕಾದಷ್ಟಿವೆ. ಎರಡು, ಬಲಮೇಲ್ಭಾಗದ ಫ್ಲೀರ್ ಲಾಂಛನದ ಕೆಳಗೆ, ಬಣ್ಣದ ಚೌಕಟ್ಟಿನ ಒಳಗೆ, ಸಾಸಿವೆಗಿಂತ ಚಿಕ್ಕದಾದ ಒಂದು ಬಿಳಿ ಚುಕ್ಕೆ. ಮುದ್ರಣದಲ್ಲಿ ಧೂಳು ಕೂತು ಶಾಯಿ ಹಿಡಿಯದ ಜಾಗ ಅದು. ಮೂರು, ಹಿಂಬದಿಯ ಎಡ ಕೆಳಮೂಲೆಯಲ್ಲಿ ರಟ್ಟಿನ ಎರಡು ನಾರು ಎದ್ದು ನಿಂತದ್ದು, ಒಂದು ಉದ್ದ, ಒಂದು ಗಿಡ್ಡ. ಚುಕ್ಕೆಯೂ ನಾರೂ ಒಂದೇ ಜಾಗದಲ್ಲಿ ಕೂಡಿಬಂದ ಮೇಲೆ ಪತ್ತೇದಾರರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಡಬ್ಬಿ ಒಡೆಯುವಾಗ ಬಲ ಮೇಲ್ಮೂಲೆ ಜಜ್ಜಿತ್ತು, ಅದು ಹೊಸ ಗಾಯ. ಹೊಸ ಗಾಯ ಸೇರಬಹುದು, ಹಳೆಯ ಗುರುತು ಮಾಯವಾಗಬಾರದು. ಹೋಲಿಸುವಾಗ ನೋಡಬೇಕಾದದ್ದು ಇಷ್ಟೆ. ಕಾರ್ಡಿನ ಬೆಲೆ ಇಳಿಸುವ ಕೊರತೆಗಳೇ ಇಲ್ಲಿ ಸಾಕ್ಷಿಯಾಗುವುದರಿಂದ, ಸ್ಕ್ಯಾನ್ ಮಾಡುವಾಗ ಅವನ್ನೇ ದೊಡ್ಡದಾಗಿ ಹಿಡಿಯಬೇಕು.

ಸ್ಕ್ಯಾನರಿನ ಬಗ್ಗೆ ಎರಡು ಎಚ್ಚರಿಕೆ. ತೆಳುವಾದ ಅಗ್ಗದ ಸ್ಕ್ಯಾನರುಗಳಲ್ಲಿ ಸಿ.ಐ.ಎಸ್. ಎಂಬ ಸೆನ್ಸರ್ ಇರುತ್ತದೆ. ಗಾಜಿಗೆ ಅಂಟಿದ್ದು ಮಾತ್ರ ಅದರಲ್ಲಿ ಸ್ಪಷ್ಟ. ಸ್ಲ್ಯಾಬಿನೊಳಗಿನ ಕಾರ್ಡು ಗಾಜಿನಿಂದ ಕೆಲವು ಮಿ.ಮೀ. ಮೇಲಿರುವುದರಿಂದ ಮಸುಕಾಗುತ್ತದೆ. ಸಿ.ಸಿ.ಡಿ. ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ, ಎಪ್ಸನ್ ವಿ600 ಆ ಜಾತಿಯದು. ಎರಡನೆಯದು ಇನ್ನೂ ಮುಖ್ಯ: ಧೂಳು ಅಳಿಸುವ ಆಯ್ಕೆಯನ್ನು ಆಫ್ ಮಾಡಿ ಇಡಿ. ಅದು ಮುದ್ರಣದ ಚುಕ್ಕೆಯನ್ನು ಧೂಳೆಂದು ತಿಳಿದು ಅಳಿಸಿಬಿಡುತ್ತದೆ, ನಿಮ್ಮ ಸಾಕ್ಷಿಯೇ ಹೋಗುತ್ತದೆ. ಎಲ್ಲ ಕಾರ್ಡಿಗೂ 600 ಡಿ.ಪಿ.ಐ., ಗುರುತಿರುವ ಜಾಗಕ್ಕೆ 1200. ಕ್ರೋಮ್ ಮತ್ತು ರಿಫ್ರ್ಯಾಕ್ಟರ್ ಎಂಬ ಹೊಳೆಯುವ ಮೈಯ ಕಾರ್ಡುಗಳ ಗೀರು ಸ್ಕ್ಯಾನಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಕತ್ತಲೆ ಕೋಣೆಯಲ್ಲಿ ಫೋನಿನ ಬೆಳಕನ್ನು ಓರೆಯಾಗಿ ಬಿಟ್ಟು ಇನ್ನೊಂದು ಫೋನಿನಲ್ಲಿ ಫೋಟೋ ತೆಗೆಯಿರಿ. ಜರ್ಸಿ ಬಟ್ಟೆಯ ತುಂಡು ಕೂರಿಸಿದ ಕಾರ್ಡಾದರೆ ನೂಲಿನ ಹೆಣಿಗೆ, ಹೊಲಿಗೆ ದಾಟುವ ಜಾಗ ತೆಗೆಯಿರಿ, ಅದು ಇನ್ನೊಂದರಲ್ಲಿ ಹಾಗೆಯೇ ಬರುವುದಿಲ್ಲ. 17/99 ಎಂಬಂತೆ, ಅಂದರೆ ಅಚ್ಚು ಹಾಕಿದ 99ರಲ್ಲಿ 17ನೆಯದು ಎಂದು, ಸಂಖ್ಯೆ ಇದ್ದರಂತೂ ಅರ್ಧ ಕೆಲಸ ಮುಗಿದಂತೆ. ನನಗೆ ಸಿಗದ ಬಿಡಿ ಕಾರ್ಡುಗಳಲ್ಲಿ ಹೆಚ್ಚಿನವುಗಳದ್ದು ಸಾಲಾಗಿ ಹರಡಿ ತೆಗೆದ ಗುಂಪು ಫೋಟೋ ಮಾತ್ರ ಇತ್ತು. ಕಣ್ಣೆದುರೇ ಮಾರಾಟಕ್ಕೆ ಬಂದವೂ ಕೆಲವಿದ್ದವು. ನನ್ನವೆಂದು ಹೇಳುವ ಆಧಾರವಿರಲಿಲ್ಲ.

ಹುಡುಕುವುದು ಹೇಗೆ ಎಂದರೆ, ಕಳ್ಳನ ಕಣ್ಣಲ್ಲಿ ಹುಡುಕಬೇಕು. ಅವನಿಗೆ ಸೆಟ್ಟಿನ ಹೆಸರು, ವರ್ಷ ಗೊತ್ತಿರುವುದಿಲ್ಲ. 'ಬ್ಯಾಸ್ಕೆಟ್‌ಬಾಲ್ ಕಾರ್ಡ್ ಲಾಟ್', 'ಅಜ್ಜನ ಸಂಗ್ರಹ', 'ಹಳೆ ಕಾರ್ಡು ಪೆಟ್ಟಿಗೆ' ಇಂಥ ಮಾತುಗಳನ್ನು ಇಂಗ್ಲಿಷಿನಲ್ಲಿ ಹಾಕಿ. ಆಟಗಾರನ ಹೆಸರನ್ನು ತಪ್ಪು ಕಾಗುಣಿತದಲ್ಲೂ ಹಾಕಿ. ಈಬೇಯಲ್ಲಿ ಹೊಸದು ಮೊದಲು ಬರುವಂತೆ ಇಟ್ಟು ಹುಡುಕಾಟಗಳನ್ನು ಉಳಿಸಿದರೆ ಸೂಚನೆ ತಾನಾಗಿ ಬರುತ್ತದೆ. ನಾನು 26 ಹುಡುಕಾಟ ಉಳಿಸಿದ್ದೆ. ಮಾರಾಟವಾದ ಪಟ್ಟಿಯನ್ನೂ ದಿನಕ್ಕೊಮ್ಮೆ ನೋಡಿ, ಕಡಿಮೆ ಬೆಲೆಗೆ ಹಾಕಿದ್ದು ಗಂಟೆಯೊಳಗೆ ಹೋಗಿರುತ್ತದೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಆಫರ್‌ಅಪ್, ಕ್ರೇಗ್ಸ್‌ಲಿಸ್ಟ್‌ಗಳಲ್ಲಿ ಮೊದಲ ವಾರ ಮನೆಯ ಸುತ್ತ 40 ಮೈಲಿಯೊಳಗೆ, ಆಮೇಲೆ 100 ಮೈಲಿಯೊಳಗೆ ಹುಡುಕಿ.

ಕಂಡ ಕ್ಷಣ ಮಾರುವವನಿಗೆ ಸಂದೇಶ ಕಳಿಸಬೇಡಿ. ಕೈ ಹಾಗೆ ಮಾಡಲು ತುಡಿಯುತ್ತದೆ, ತಡೆಯಿರಿ. 'ಇದು ನನ್ನ ಕಾರ್ಡು' ಎಂದರೆ ಐದು ನಿಮಿಷದಲ್ಲಿ ಜಾಹೀರಾತು ಮಾಯ, ಕಾರ್ಡು ಬೇರೆ ಊರಿಗೆ. ಮೊದಲು ಇಡೀ ಪುಟದ ಸ್ಕ್ರೀನ್‌ಶಾಟ್, ಲಿಂಕು, ಐಟಂ ನಂಬರು, ಮಾರುವವನ ಐ.ಡಿ., ಊರು, ದಿನಾಂಕ, ಗಂಟೆ. ಪ್ರತಿ ಚಿತ್ರವನ್ನೂ ಬೇರೆಯಾಗಿ ಇಳಿಸಿಕೊಳ್ಳಿ. ಹಿನ್ನೆಲೆಯ ಕಾರ್ಪೆಟ್ಟು, ಮೇಜಿನ ಬಟ್ಟೆ ಎರಡು ಜಾಹೀರಾತಿನಲ್ಲಿ ಒಂದೇ ಇದ್ದರೆ ಎರಡೂ ಖಾತೆ ಒಬ್ಬನದೇ ಇರಬಹುದು. ಎಲ್ಲವನ್ನೂ ಕೇಸ್ ನಂಬರ್ ಹಾಕಿ ಒಂದೇ ಇಮೇಲಿನಲ್ಲಿ ಪತ್ತೇದಾರರಿಗೆ ಕಳಿಸಿ. ಮಾರಿದವನ ಹೆಸರು ವಿಳಾಸವನ್ನು ಈಬೇ ನಮಗೆ ಕೊಡುವುದಿಲ್ಲ, ಪೊಲೀಸರು ಕೇಳಬೇಕು. ಒಬ್ಬರೇ ಹೋಗಿ ಕೊಳ್ಳುವ ನಾಟಕ ಮಾಡುವುದಂತೂ ಬೇಡವೇ ಬೇಡ, ಕಾರ್ಡಿಗಿಂತ ಜೀವ ದೊಡ್ಡದು. ಫೇಸ್‌ಬುಕ್ ಗುಂಪುಗಳಲ್ಲಿ ಪಟ್ಟಿ ಹಾಕಿದರೆ 'ನನ್ನ ಹತ್ತಿರ ಇದೆ, ಮೊದಲು ಇಷ್ಟು ಡಾಲರ್ ಕಳಿಸಿ' ಎನ್ನುವವರು ಬರುತ್ತಾರೆ. ಅದಕ್ಕಾಗಿ ಪ್ರತಿ ಕಾರ್ಡಿನ ಒಂದು ಗುರುತನ್ನು ಹೊರಗೆ ಹೇಳದೆ ಇಟ್ಟುಕೊಳ್ಳಿ. ಆ ಗುರುತಿನ ಫೋಟೋ ಕಳಿಸಿ ಎಂದರೆ ಸುಳ್ಳರು ಜಾಗ ಖಾಲಿ ಮಾಡುತ್ತಾರೆ.

ಅಂಗಡಿಗಳಿಂದಲೇ ಹೆಚ್ಚು ಸಿಕ್ಕಿದ್ದು. ಸುತ್ತಲ 23 ಕಾರ್ಡ್ ಅಂಗಡಿಗಳಿಗೆ ಮೊದಲ ಮೂರು ದಿನದಲ್ಲೇ ಹೋಗಿ ಎರಡು ಪುಟದ ಪಟ್ಟಿ ಕೊಟ್ಟೆ. ಮಾಲೀಕರಿಗಲ್ಲ, ಕೊಳ್ಳುವ ಕೌಂಟರಿನಲ್ಲಿ ನಿಲ್ಲುವವರ ಕೈಗೆ. ಕೇಳಿಕೊಂಡದ್ದು ಎರಡೇ: ಯಾರಾದರೂ ತಂದರೆ ಜಗಳ ಬೇಡ, ಗುರುತಿನ ಚೀಟಿಯ ಪ್ರತಿ ಮತ್ತು ಆ ದಿನದ ಕ್ಯಾಮೆರಾ ವೀಡಿಯೋ ಉಳಿಸಿಡಿ. ಶನಿವಾರ, ಭಾನುವಾರ ಹೋಟೆಲ್ ಹಾಲುಗಳಲ್ಲಿ ನಡೆಯುವ ಕಾರ್ಡ್ ಶೋಗಳಿಗೂ ಹೋಗಬೇಕು. ಸಂಘಟಕರು ಪಟ್ಟಿಯನ್ನು ಎಲ್ಲ ಮೇಜಿನವರಿಗೂ ಕಳಿಸಿಕೊಟ್ಟರು. ಗಿರವಿ ಅಂಗಡಿಗಳನ್ನು ಪೊಲೀಸರಿಗೆ ಬಿಡಿ. ಅಲ್ಲಿನ ವ್ಯವಹಾರ ನೋಡಲು ಅವರಿಗೆ ಲೀಡ್ಸ್‌ಆನ್‌ಲೈನ್ ಎಂಬ ಕಡತವಿದೆ. ಗ್ರೇಡಿಂಗ್ ಸಂಸ್ಥೆಗಳಿಗೂ ದೊಡ್ಡ ಹರಾಜು ಸಂಸ್ಥೆಗಳಿಗೂ ವರದಿಯ ಪ್ರತಿಯೊಡನೆ ಬರೆಯಿರಿ. ಒಡೆದ ಕಾರ್ಡು ಹೊಸ ಸ್ಲ್ಯಾಬಿಗಾಗಿ ಅಲ್ಲಿಗೇ ಹೋಗಬಹುದು.

ಅಂಗಡಿಯವರು ದುಡ್ಡು ಕೊಟ್ಟು ಕೊಂಡಿರುತ್ತಾರೆ, ಅವರಿಗೂ ನಷ್ಟ. ಕಳ್ಳನಿಗೆ ಒಡೆತನವಿಲ್ಲದ ಕಾರಣ ಅವನಿಂದ ಕೊಂಡವರಿಗೂ ಒಡೆತನ ಬರುವುದಿಲ್ಲ, ನಂಬಿಕೆಯಿಂದ ಕೊಂಡಿದ್ದರೂ ಅಷ್ಟೆ. ಕಾನೂನು ನಮ್ಮ ಕಡೆ ಇದೆಯೆಂದು ಗದರಿಸಿದರೆ ಕಾರ್ಡು ಕೌಂಟರಿನ ಕೆಳಗೆ ಹೋಗುತ್ತದೆ. ಪಟ್ಟಿ ಕೊಡುವಾಗಲೇ ಸಮಾಧಾನದಿಂದ ಮಾತಾಡಿ, ಸಿಕ್ಕಮೇಲೆ ಪೊಲೀಸರ ಮೂಲಕವೇ ಪಡೆಯಿರಿ. ಕೊಂಡವರು ಬಿಡಲೊಪ್ಪದಿದ್ದರೆ ಟೆಕ್ಸಾಸ್ ಕ್ರಿಮಿನಲ್ ಪ್ರೊಸೀಜರ್ ಸಂಹಿತೆಯ 47ನೇ ಅಧ್ಯಾಯದಲ್ಲಿ ದಾರಿಯಿದೆ. ಕಳವಿನ ಮಾಲು ಯಾರಿಗೆ ಸೇರಬೇಕೆಂದು ನ್ಯಾಯಾಧೀಶರು ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ. ಆ ದಿನ ಸ್ಕ್ಯಾನನ್ನು ಎ4 ಅಗಲಕ್ಕೆ ದೊಡ್ಡದು ಮಾಡಿ ಮುದ್ರಿಸಿ ಒಯ್ಯಿರಿ, ಫೋನಿನಲ್ಲಿ ತೋರಿಸಬೇಡಿ. ಮೊಕದ್ದಮೆ ನಡೆಯುತ್ತಿದ್ದರೆ ಕಾರ್ಡುಗಳು ಮುದ್ದೆಮಾಲಾಗಿ ಪೊಲೀಸರ ಕೋಣೆಯಲ್ಲೇ ಉಳಿಯುತ್ತವೆ. ಫೋಟೋ ಇಟ್ಟುಕೊಂಡು ಮಾಲು ಬಿಡಬಹುದೇ ಎಂದು ಪ್ರಾಸಿಕ್ಯೂಟರನ್ನು ಬರಹದಲ್ಲಿ ಕೇಳಿ. ಬಿಡಿ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಬಿಸಿಲು ತೇವ ತಾಗಿಸಬೇಡಿ ಎಂದು ಮೊದಲೇ ಹೇಳಿ. ಇದು ಸಣ್ಣ ವಿಷಯವಲ್ಲ, ನನ್ನ ನಾಲ್ಕು ಕಾರ್ಡುಗಳ ಅಂಚಿನಲ್ಲಿ ರಬ್ಬರಿನ ಗೀಟು ಉಳಿದಿದೆ.

ವಿಮೆಯ ವಿಷಯ ಚಿಕ್ಕದಾಗಿ. ಸಾಮಾನ್ಯ ಮನೆ ವಿಮೆಯಲ್ಲಿ ಕೆಲವು ಬಗೆಯ ಸಂಗ್ರಹಕ್ಕೆ ಬೇರೆಯೇ ಮಿತಿ ಇರುತ್ತದೆ, ಪಾಲಿಸಿ ತೆಗೆದು ಓದಿ. ಪ್ರಮಾಣ ಮಾಡಿದ ನಷ್ಟದ ಹೇಳಿಕೆಯನ್ನು ಅವರು ಕೇಳಿದ 60 ದಿನದೊಳಗೆ ಕೊಡಬೇಕೆಂಬ ಷರತ್ತು ಸಾಮಾನ್ಯ. ಬೆಲೆಗೆ ಕಳವಾದ ದಿನದ ಹತ್ತಿರದ ಮೂರು ಮಾರಾಟಗಳನ್ನು ತೋರಿಸಿ, ಕೇಳುವ ಬೆಲೆಗಳನ್ನಲ್ಲ. ಹಣ ಪಡೆದ ಮೇಲೆ ಕಾರ್ಡು ಸಿಕ್ಕರೆ ತಿಳಿಸಲೇಬೇಕು. ಸಾಮಾನ್ಯ ಪಾಲಿಸಿಯಲ್ಲಿ ಕಾರ್ಡು ನೀವಿಟ್ಟುಕೊಂಡು ಪಡೆದ ಹಣವನ್ನು ಅದಕ್ಕೆ ತಕ್ಕಂತೆ ಹಿಂತಿರುಗಿಸಬಹುದು, ಇಲ್ಲವೇ ಕಾರ್ಡು ಅವರಿಗೆ ಬಿಡಬಹುದು. ಆಯ್ಕೆ ನಿಮ್ಮದು. ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ನಂಬಿ ಕೂರಬೇಡಿ. 2018ರಿಂದ ಮನೆಗಳ್ಳತನದ ನಷ್ಟಕ್ಕೆ ಆ ಬಾಗಿಲು ಮುಚ್ಚಿದೆ.

ಕಾರ್ಡು ಕೈಗೆ ಬಂದಾಗ ಸ್ಲೀವ್ (ತೆಳು ಪ್ಲಾಸ್ಟಿಕ್ ಹೊದಿಕೆ) ಬದಲಿಸುವ ಮೊದಲು ಮತ್ತೆ ಸ್ಕ್ಯಾನ್ ಮಾಡಿ ಹೊಸ ಗಾಯ ಗುರುತಿಸಿ, ನಷ್ಟ ಪರಿಹಾರ ಕೇಳುವಾಗ ನ್ಯಾಯಾಲಯಕ್ಕೆ ಅದು ಬೇಕು. ಆಮೇಲೆ ಎನ್.ಸಿ.ಐ.ಸಿ. ಕಡತದಿಂದ ಆ ನಂಬರುಗಳನ್ನು ತೆಗೆಸಿ, ಗ್ರೇಡಿಂಗ್ ಸಂಸ್ಥೆಗೂ ಅಂಗಡಿಗಳಿಗೂ 'ಸಿಕ್ಕಿದೆ' ಎಂದು ತಿಳಿಸಿ. ಪೊಲೀಸರು ಕಾರ್ಡು ಬಿಟ್ಟುಕೊಟ್ಟ ಪತ್ರದ ಪ್ರತಿಯನ್ನು ಆಯಾ ಕಾರ್ಡಿನ ಸ್ಕ್ಯಾನಿನ ಜೊತೆಗೇ ಇಡಿ. ಮುಂದೆಂದೋ ಮಾರಲು ಹೋದಾಗ ಹಳೆಯ ಪಟ್ಟಿ ಇಟ್ಟುಕೊಂಡ ಅಂಗಡಿಯವರು ಪೊಲೀಸರಿಗೆ ಫೋನ್ ಮಾಡಿದರೆ ತೋರಿಸಲು ಅದೊಂದೇ ಕಾಗದ ಇರುವುದು.