ಹಪ್ಪಳದ ಡಬ್ಬದಲ್ಲಿ ಟ್ಯೂಬ್ ಮೈಕ್

ಹಳೇ ರೇಡಿಯೊ ವಾಲ್ವ್ ಹಾಕಿಕೊಂಡು ಹಾಡು ರೆಕಾರ್ಡ್ ಮಾಡುತ್ತಾನಂತೆ ಅಂತ ಶಿವಮೊಗ್ಗದ ಗೆಳೆಯರು ಎರಡು ವರ್ಷ ನಕ್ಕರು. ಹೋದ ತಿಂಗಳು ಅವರಲ್ಲೇ ಒಬ್ಬರು ಭಾಗವತರ ಪದ ರೆಕಾರ್ಡ್ ಮಾಡಲು ನನ್ನ ಮೈಕ್ ಕೇಳಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೈಕ್ ಚೀನಾದ್ದು, ಒಳಗೆ 12ಎಎಕ್ಸ್7 ಅನ್ನುವ ಟ್ಯೂಬ್, ಅಂದರೆ ಅದೇ ವಾಲ್ವ್. ಎರಡನೇ ವರ್ಷ ಆರಿದ್ರಾ ಮಳೆ ಹಿಡಿದಾಗ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಶುರುವಾಯಿತು. ಟ್ಯೂಬೇ ಹೋಯಿತು ಅಂದುಕೊಂಡೆ. ಹೊಸದೊಂದು ತರಿಸಿದೆ, ಸಾವಿರದ ಐನೂರೋ ಏನೋ. ಚಟಪಟ ಕಡಿಮೆಯಾಯಿತು, ಆದರೆ ಸ್ಟ್ಯಾಂಡ್ ಮುಟ್ಟಿದರೆ ಸಾಕು, ಟಿಂಗ್ ಅನ್ನುತ್ತಿತ್ತು.

ಆಮೇಲೆ ಆಸೆ ಹತ್ತಿತು. ಹೆಸರುವಾಸಿ ಹಳೇ ಸ್ಟುಡಿಯೊ ಮೈಕ್ ಎಕೆಜಿ ಸಿ12ರಲ್ಲಿ ಇದ್ದದ್ದು 6072 ಟ್ಯೂಬ್ ಅಲ್ವಾ? ಹಳೇ ಅಮೆರಿಕನ್ 6072 ಒಂದಕ್ಕೆ 9 ಸಾವಿರ ಸುರಿದೆ. ಟೆಸ್ಟರ್‌ನಲ್ಲಿ ಫಸ್ಟ್ ಕ್ಲಾಸ್ ಅಂದಿದ್ದರು ಮಾರಿದವರು. ಸುಳ್ಳೇನಲ್ಲ. ಆದರೆ ಟೆಸ್ಟರ್ ಹೇಳುವುದು ಟ್ಯೂಬಿಗೆ ಎಷ್ಟು ದಮ್ಮಿದೆ ಅಂತ ಮಾತ್ರ. ಮೈಕಿನೊಳಗೆ, ಸಿಗ್ನಲ್ ಒಳಬರುವ ಗ್ರಿಡ್‌ಗೆ ಗಿಗಾ ಓಮ್ ರೆಸಿಸ್ಟರ್ ಕಟ್ಟಿದಾಗ ಅದು ಸುಮ್ನೆ ಕೂರುತ್ತದಾ ಅಂತ ಹೇಳುವುದಿಲ್ಲ. ನನ್ನದು ಕೂರಲಿಲ್ಲ, ನಿಮಿಷಕ್ಕೊಮ್ಮೆ ಪಟ್. ದುಡ್ಡು ವಾಪಸ್ ಬರಲಿಲ್ಲ.

ಸಾಗರದ ಕಡೆ ಮುಚ್ಚಿದ ರೇಡಿಯೊ ರಿಪೇರಿ ಅಂಗಡಿಯೊಂದರ ಅಟ್ಟದಲ್ಲಿ ಚಪ್ಪಲಿ ಡಬ್ಬ ತುಂಬ ವಾಲ್ವ್ ಸಿಕ್ಕಿದವು. ನಮ್ಮ ಬೆಂಗಳೂರಿನ ಬಿಇಎಲ್‌ನ ಇಸಿಸಿ83, ಅಂದರೆ ಅದೇ 12ಎಎಕ್ಸ್7, ಹದಿನಾಲ್ಕೋ ಹದಿನೈದೋ. ಜೊತೆಗೆ ಅದೇ ಜಾತಿಯ ಇನ್ನೊಂದು ಟ್ಯೂಬ್, ನಾಲ್ಕಾರು ಇಸಿಸಿ81. ಎಲ್ಲಾ ಸೇರಿ 2 ಸಾವಿರ.

ಒಂದೊಂದು ಇಸಿಸಿ83ನ್ನೂ ಕರೆಂಟ್ ಕೊಟ್ಟು ಎರಡು ರಾತ್ರಿ ಉರಿಸಿದೆ. ಮೈಕಿನಲ್ಲಿ ದನಿ ಹಿಡಿಯುವ ಕ್ಯಾಪ್ಸೂಲ್ ಬಿಚ್ಚಿ, ಆ ಜಾಗಕ್ಕೆ 68 ಪಿಎಫ್ ಕೆಪಾಸಿಟರ್ ಹಾಕಿ, ಜಾಲರಿ ಮುಚ್ಚಿ, ಮೈಕಿನ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ಪೂರ್ತಿ ಏರಿಸಿ ಹೆಡ್‌ಫೋನ್‌ನಲ್ಲಿ ಕೇಳುತ್ತಾ ಕೂತೆ. ಅರ್ಧಕ್ಕರ್ಧ ಬರೀ ಸುಯ್ ಅಂದವು. ಮೂರು ಟಿಂಗ್. ನಾಲ್ಕು ಮಾತ್ರ ತೆಪ್ಪಗಿದ್ದವು. ಈ ಟ್ಯೂಬಿನ ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುತ್ತವೆ; ನನ್ನ ಮೈಕ್ ಒಂದೇ ಅರ್ಧ ಬಳಸುತ್ತದೆ, ಇನ್ನೊಂದು ಖಾಲಿ. ಈ ಖಾಲಿ ಅರ್ಧದಿಂದ ಒಂದು ಲಾಭ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಇಸಿಸಿ81 ಹಾಕಿ ನೋಡಿದೆ. ಪಿನ್ ಅದೇ, ಹೀಟರ್ ಅದೇ, ಆದರೆ 12ಎಎಕ್ಸ್7ಗೆ ಹೊಂದಿಸಿದ ಬಯಾಸ್ ವೋಲ್ಟೇಜ್‌ನಲ್ಲಿ ದನಿ ಒರಟು. ಅದೇ ಜಾತಿಯ 12ಎಯು7 ಹಾಕಿದರೆ ಸಿಗ್ನಲ್ ಹಿಗ್ಗಿಸುವ ಗೇನೇ ಇಲ್ಲ, ಪ್ರಿಆಂಪ್‌ನ ಸುಯ್ ಮೇಲೆ ಬಂತು. ಕುಕ್ಕರ್ ಗ್ಯಾಸ್ಕೆಟ್ ಕತ್ತರಿಸಿ ಟ್ಯೂಬಿಗೆ ಸುತ್ತಿದ್ದೂ ಆಯಿತು. ಟಿಂಗ್ ಸ್ವಲ್ಪ ತಗ್ಗಿತು, ಸ್ಟುಡಿಯೊ ತುಂಬ ರಬ್ಬರ್ ವಾಸನೆ.

ನಾಚಿಕೆಯ ವಿಷಯ ಇನ್ನೊಂದಿದೆ. ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿದ ಮೇಲೆ ಮೊದಲಿನ ಚೀನಾ ಟ್ಯೂಬನ್ನೇ ವಾಪಸ್ ಹಾಕಿದೆ. ಚಟಪಟ ಮುಕ್ಕಾಲು ಪಾಲು ಮಾಯ! ಅದು ಬರೀ ಥಂಡಿ. ಈಗ ಕೆಲಸ ಮುಗಿದ ಕೂಡಲೇ ಮೈಕನ್ನು ಸಿಲಿಕಾ ಜೆಲ್ ಜೊತೆ ಹಪ್ಪಳದ ಡಬ್ಬದಲ್ಲಿ ಇಡುತ್ತೇನೆ. ಆದರೂ ಬಿಇಎಲ್‌ನದ್ದೇ ನಿಶ್ಶಬ್ದ, ಪಕ್ಕದಲ್ಲಿಟ್ಟು ಕೇಳಿಸಿದ್ದೇನೆ. ಆ 9 ಸಾವಿರದ್ದು ಮಾತ್ರ ತೊಳೆದ ಸಾಕೆಟ್‌ನಲ್ಲೂ ಪಟ್.

ಮೈಕ್ ವಾಪಸ್ ಕೊಡುವಾಗ ಗೆಳೆಯರು ಉಳಿದ ಮೂರರಲ್ಲಿ ಒಂದು ಬಿಇಎಲ್ ಕೊಡು ಅಂದರು. 6072ನ್ನೂ ಸೇರಿಸಿ ತಗೊಂಡರೆ ಕೊಡುತ್ತೇನೆ ಅಂದಿದ್ದೇನೆ.