ಮೈಕ್ ಆರಿಸಿದ ಮೇಲೆ ಜನ ಹಾಡಿದರು: ಗಾನವೃಂದ ನಡೆಸಿದ ನನ್ನ ಅನುಭವ

ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮೂರ ಕಥೋಲಿಕ ಚರ್ಚಿನಲ್ಲಿ, ಈಗ ಭಾನುವಾರದ ಎರಡೂ ಬಲಿಪೂಜೆಗಳಲ್ಲಿ (ಮಾಸ್) ಜನ ಬಾಯಿ ಬಿಟ್ಟು ಹಾಡುತ್ತಾರೆ. ಹಿಂದಿನ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುವ ಗಂಡಸರು ಕೂಡ. ಇದು ನಮ್ಮೂರಲ್ಲಿ ಆಗುವ ಮಾತಲ್ಲ ಎಂದವರು ಬಹಳ ಮಂದಿ. ಪಾಲನಾ ಸಮಿತಿಯ ಹಿರಿಯರು ಹೇಳಿದರು, ಅಕ್ಕಪಕ್ಕದ ಗಾನವೃಂದದವರು ಹೇಳಿದರು, ನಮ್ಮ ಹುಡುಗರೇ ಹೇಳಿದರು. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ‘ಹೇಗೆ ಮಾಡಿದಿರಿ, ಸ್ವಲ್ಪ ಹೇಳಿ’ ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಮೈಸೂರು ಬಿಷಪ್ಪರ ಆಡಳಿತಕ್ಕೆ ಸೇರಿದ ಮೈಸೂರು ಧರ್ಮಕ್ಷೇತ್ರದ ಒಂದು ಹಳ್ಳಿ. ಇನ್ನೂರು ಇನ್ನೂರಿಪ್ಪತ್ತು ಕುಟುಂಬ. ಬೆಳಿಗ್ಗೆ ಆರೂವರೆಗೆ ಒಂದು ಪೂಜೆ, ಎಂಟೂವರೆಗೆ ಇನ್ನೊಂದು. ರೇಷ್ಮೆ, ರಾಗಿ ಮಾಡುವವರೇ ಹೆಚ್ಚು, ಹುಡುಗರು ಬೆಂಗಳೂರು ಸೇರಿದ್ದಾರೆ. ನಾನು ಗಾನವೃಂದ ನೋಡಿಕೊಳ್ಳಲು ಹಿಡಿದು ಹದಿನೈದು ವರ್ಷದ ಮೇಲಾಯಿತು. ಹಾಡು ಆರಿಸುವುದು, ಆ ದಿನದ ಬೈಬಲ್ ವಾಚನಕ್ಕೆ ಹೊಂದಿಸುವುದು ಇವೆಲ್ಲ ಓದುವವರಿಗೆ ಗೊತ್ತಿರುವ ಸಂಗತಿ, ಅದಕ್ಕೆ ಹೋಗುವುದಿಲ್ಲ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಜನ ಹಾಡುತ್ತಿಲ್ಲ ಎಂದಾಗ ಎಲ್ಲರಿಗೂ ಹೊಳೆಯುವುದು ಸೌಂಡ್ ಸಿಸ್ಟಮ್. ನಾವೂ ಹಬ್ಬದ ವಂತಿಗೆಯಲ್ಲಿ ಉಳಿದ ಹಣಕ್ಕೆ ದಾನಿಗಳ ಹಣ ಸೇರಿಸಿ ಹೊಸ ಮಿಕ್ಸರ್, ಸ್ಪೀಕರ್, ಐದಾರು ಮೈಕ್ ತಂದೆವು. ಒಂದೂವರೆ ಲಕ್ಷದ ಆಸುಪಾಸು ಆಯಿತು. ಗಾನವೃಂದದ ದನಿ ಎರಡು ಪಟ್ಟಾಯಿತು, ಜನರ ದನಿ ಪೂರ್ತಿ ನಿಂತೇ ಹೋಯಿತು. ಪಕ್ಕದಲ್ಲಿ ನಿಂತವರ ದನಿಯೇ ಕೇಳದಿದ್ದರೆ ಯಾರು ಹಾಡುತ್ತಾರೆ?

ಆಮೇಲೆ ಪ್ರೊಜೆಕ್ಟರ್. ನಲವತ್ತೋ ನಲವತ್ತೈದೋ ಸಾವಿರ. ಎಂಟೂವರೆ ಪೂಜೆಗೆ ಪೂರ್ವದ ಕಿಟಕಿಯಿಂದ ಬಿಸಿಲು ನೇರವಾಗಿ ಪರದೆಗೆ ಬೀಳುತ್ತದೆ, ಅಕ್ಷರ ಕಾಣುವುದಿಲ್ಲ. ಕಂಡ ದಿನವೂ ಸ್ಲೈಡ್ ತಿರುಗಿಸುವ ಹುಡುಗ ಒಂದು ಸಾಲು ಹಿಂದೆ ಬೀಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಜನ ಬಲಿಪೀಠ ಬಿಟ್ಟು ಪರದೆ ನೋಡತೊಡಗಿದರು, ನೋಡಿದವರೂ ಹಾಡಲಿಲ್ಲ. ಅದಕ್ಕೂ ಮುಂಚೆ ಹಾಡಿನ ಪುಸ್ತಕ ಮುನ್ನೂರು ಪ್ರತಿ ಮಾಡಿಸಿದ್ದೆವು, ಹನ್ನೆರಡು ಹದಿಮೂರು ಸಾವಿರ. ಒಂದು ಪಾಸ್ಕ (ಈಸ್ಟರ್) ಹಬ್ಬ ಕಳೆಯುವುದರಲ್ಲಿ ಅರ್ಧ ಪುಸ್ತಕ ಇರಲಿಲ್ಲ. ಉಳಿದದ್ದು ಕನ್ನಡಕ ತರದ ಅಜ್ಜಿಯರ ಕೈಯಲ್ಲಿ ತಲೆಕೆಳಗಾಗಿ ಇರುತ್ತಿತ್ತು.

ಕೀಬೋರ್ಡಿಗೆ ಪಟ್ಟಣದಿಂದ ಒಬ್ಬ ಹುಡುಗ ಬರುತ್ತಿದ್ದ, ಭಾನುವಾರಕ್ಕೆ ಆರೇಳು ನೂರು ಮತ್ತು ಪೆಟ್ರೋಲು. ಒಳ್ಳೆಯ ಕೈ. ಆದರೆ ಸಿ.ಡಿ.ಯಲ್ಲಿ ಇರುವ ಹಾಗೆಯೇ ಬಿಜಿಎಂ (ಹಾಡಿನ ನಡುವಿನ ವಾದ್ಯಸಂಗೀತ) ಬಾರಿಸಬೇಕು ಎಂಬುದು ಅವನ ಹಟ. ಪ್ರವೇಶ ಗೀತೆಯ ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಅರ್ಧ ನಿಮಿಷ ವಾದ್ಯ. ಪಲ್ಲವಿಯಲ್ಲಿ ಅಷ್ಟಿಷ್ಟು ಬಾಯಿ ತೆರೆದವರು ಆ ಅರ್ಧ ನಿಮಿಷದಲ್ಲಿ ಬಾಯಿ ಮುಚ್ಚುತ್ತಾರೆ. ಚರಣ ಎಲ್ಲಿ ಎತ್ತಬೇಕು ಎಂದು ಗೊತ್ತಿರುವುದು ಗಾನವೃಂದಕ್ಕೆ ಮಾತ್ರ. ನಿಮ್ಮ ಚರ್ಚಿನಲ್ಲೂ ಹೀಗೇ ಆಗುತ್ತಿದ್ದರೆ ಬೇರೆ ಏನೂ ಮಾಡಬೇಡಿ, ಈ ಬಿಜಿಎಂ ಒಂದನ್ನು ಕಿತ್ತು ಹಾಕಿ ನೋಡಿ. ವ್ಯತ್ಯಾಸ ಅದೇ ಭಾನುವಾರ ಗೊತ್ತಾಗುತ್ತದೆ.

ದಾರಿ ಸಿಕ್ಕಿದ್ದು ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ. ಶುಕ್ರವಾರ ಸಂಜೆ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ನಡೆಯುವಾಗ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವ ನಡುವೆ ನಮ್ಮ ಜನ ಹಾಡುತ್ತಾರಲ್ಲ, ಆ ದನಿ ಕೇಳಿದ್ದೀರಾ? ಕೀಬೋರ್ಡ್ ಇಲ್ಲ, ಪುಸ್ತಕ ಇಲ್ಲ, ಮೈಕ್ ಪ್ರಾರ್ಥನೆ ನಡೆಸಿಕೊಡುವ ಉಪದೇಶಿಗಳ ಕೈಯಲ್ಲಿ ಒಂದೇ ಒಂದು. ಆದರೂ ಊರ ಹೊರಗಿನ ರಸ್ತೆಗೆ ಕೇಳುತ್ತದೆ. ಭಾನುವಾರ ತುಟಿ ಅಲ್ಲಾಡಿಸದ ಮನುಷ್ಯನೇ ಶುಕ್ರವಾರ ಗಂಟಲು ಬಿರಿಯುವ ಹಾಗೆ ಹಾಡುತ್ತಾನೆ. ಹದಿನಾಲ್ಕು ಸ್ಥಳ, ಹದಿನಾಲ್ಕಕ್ಕೂ ಒಂದೇ ದಾಟಿ. ತಾತನ ಕಾಲದಿಂದ ಅದೇ. ಶ್ರುತಿ ಕೆಳಗೆ, ಗಂಡಸರ ಮಾತಿನ ಎತ್ತರಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ಸಾವಿನ ಮನೆಯ ಜಪಸರದಲ್ಲೂ, ತೇರಿನ ಹಿಂದೆಯೂ ಇದೇ ಕಥೆ. ಹಾಗಾದರೆ ನಮ್ಮ ಜನಕ್ಕೆ ಹಾಡಲು ಬರುವುದಿಲ್ಲ ಎಂಬುದೇ ಸುಳ್ಳು. ನಾವು ಭಾನುವಾರ ಹಾಡಲು ಬಿಡುತ್ತಿರಲಿಲ್ಲ. ಭಾನುವಾರವನ್ನು ಶುಕ್ರವಾರದ ಹಾಗೆ ಮಾಡಬೇಕು ಎಂದು ಅಲ್ಲಿಗೆ ನಿಶ್ಚಯಿಸಿದೆ.

ಸಮಿತಿಯಲ್ಲಿ ಒಪ್ಪಿಸಲು ಎರಡು ದಾಖಲೆ ಹಿಡಿದುಕೊಂಡು ಹೋದೆ. ಒಂದು, ಬಲಿಪೂಜೆ ನಡೆಸುವ ನಿಯಮ ಹೇಳುವ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ. ತಪಸ್ಸು ಕಾಲದಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು ಎಂದು ಅದರಲ್ಲೇ ಇದೆ. ಆದ್ದರಿಂದ ಆ ನಲವತ್ತು ದಿನ ಕೀಬೋರ್ಡಿನ ರಿದಮ್ ನಿಲ್ಲಿಸಿದರೆ ಯಾರೂ ತಕರಾರು ಮಾಡುವ ಹಾಗಿಲ್ಲ. ಎರಡು, 1967ರ ಮಾರ್ಚಿನಲ್ಲಿ ರೋಮ್ ಹೊರಡಿಸಿದ, ಪೂಜೆಯ ಸಂಗೀತದ ಸೂಚನೆ ‘ಮೂಸಿಕಾಂ ಸಾಕ್ರಾಂ’. ಪೂಜೆಯಲ್ಲಿ ಹಾಡಬೇಕಾದ್ದನ್ನು ಅದು ಮೂರು ಮೆಟ್ಟಿಲಾಗಿ ವಿಂಗಡಿಸುತ್ತದೆ. ಮೊದಲ ಮೆಟ್ಟಿಲು ಗುರುಗಳಿಗೆ ಜನ ಕೊಡುವ ಉತ್ತರಗಳು, ‘ಪವಿತ್ರ ಪವಿತ್ರ’ ಗೀತೆ, ಪ್ರಭು ಕಲಿಸಿದ ಪ್ರಾರ್ಥನೆ. ಎರಡನೆಯದರಲ್ಲಿ ಮಹಿಮಾ ಗೀತೆ, ವಿಶ್ವಾಸ ಪ್ರಮಾಣ ಇತ್ಯಾದಿ. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ ಎಲ್ಲ ಮೂರನೆಯದು. ಮೊದಲನೆಯದನ್ನು ಬಿಟ್ಟು ಉಳಿದವನ್ನು ಹಾಡಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ನಾವು ಇಷ್ಟು ವರ್ಷ ದುಡ್ಡು, ಅಭ್ಯಾಸ, ಜಗಳ ಎಲ್ಲವನ್ನೂ ಸುರಿದದ್ದು ಮೂರನೆಯ ಮೆಟ್ಟಿಲ ಮೇಲೆ. ಗುರುಗಳು ಅದನ್ನು ಎರಡು ಸಲ ಓದಿ, ‘ಒಂದು ತಪಸ್ಸು ಕಾಲ ಮಾಡಿ ನೋಡಿ’ ಎಂದರು. ಅವರ ಬೆಂಬಲ ಇಲ್ಲದಿದ್ದರೆ ಇದು ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ಆ ತಪಸ್ಸು ಕಾಲ ಪೂರ್ತಿ ನಾಲ್ಕೇ ಹಾಡು. ಪ್ರತಿ ಭಾನುವಾರ ಅದೇ ನಾಲ್ಕು. ಮೂರನೆಯ ವಾರಕ್ಕೆ ಗಾನವೃಂದದ ಹುಡುಗಿಯರು ‘ಬೋರು ಅಣ್ಣ’ ಎಂದರು. ಅವರಿಗೆ ಬೇಸರ ಬರುವ ಹೊತ್ತಿಗೆ ಜನಕ್ಕೆ ಆಗ ತಾನೇ ಬಾಯಿಗೆ ಬಂದಿರುತ್ತದೆ. ಇದನ್ನು ನಾನು ಈಗ ಅಳತೆಯಾಗಿಯೇ ಇಟ್ಟುಕೊಂಡಿದ್ದೇನೆ: ಗಾನವೃಂದಕ್ಕೆ ಸಾಕು ಅನ್ನಿಸಿದ ಮೇಲೆ ಇನ್ನೂ ಎರಡು ತಿಂಗಳು ಅದೇ ಹಾಡು. ಈಗ ವರ್ಷಕ್ಕೆ ಹೊಸದು ಆರೇಳು ಹಾಡಿಗಿಂತ ಹೆಚ್ಚು ಸೇರಿಸುವುದಿಲ್ಲ.

ಶ್ರುತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಿ.ಡಿ.ಗಳಲ್ಲಿ ಹಾಡಿರುವವರು ಕಸುಬಿನ ಗಾಯಕರು. ಅವರ ಎತ್ತರ ಬೆಳಿಗ್ಗೆ ಆರೂವರೆಗೆ ಎದ್ದು ಬಂದ ರೈತನಿಗೆ ಸಿಗುವುದಿಲ್ಲ. ಹಾಡಿನ ಅತಿ ಮೇಲಿನ ಸ್ವರ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡುತ್ತೇನೆ. ಮೊದಲ ಪೂಜೆಗೆ ಅದು ಕೀಬೋರ್ಡಿನ ಮೇಲಿನ ‘ಸಿ’ ಸ್ವರ ದಾಟಬಾರದು, ಎರಡನೆಯದಕ್ಕೆ ‘ಡಿ’ ತನಕ ಪರವಾಗಿಲ್ಲ. ಒಂದೇ ಹಾಡನ್ನು ಎರಡು ಪೂಜೆಗೆ ಎರಡು ಶ್ರುತಿಯಲ್ಲಿ ಹಾಡುವುದು ಇದಕ್ಕೇ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಹೆಂಗಸರಿಗೆ ತೀರಾ ಕೆಳಗಾಗುತ್ತದೆ ಎಂಬ ದೂರು ಬಂತು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಬರೆದರೆ ಅರ್ಥವಾಗುವುದಿಲ್ಲ, ಬಂದು ಒಂದು ಭಾನುವಾರ ಕೇಳಿ.

ಎಲ್ಲಕ್ಕಿಂತ ದೊಡ್ಡ ಜಗಳ ಗಾನವೃಂದವನ್ನು ಹಿಂದಿನ ಮಾಳಿಗೆಯಿಂದ ಕೆಳಗಿಳಿಸಿದಾಗ ಆಯಿತು. ಇಳಿಸಿ ಒಂದೇ ಕಡೆ ಕೂರಿಸಲಿಲ್ಲ. ಇಬ್ಬಿಬ್ಬರಂತೆ ಬೆಂಚುಗಳ ನಡುವೆ ಚೆದುರಿಸಿದೆ. ಒಬ್ಬಳು ಗಟ್ಟಿ ದನಿಯ ಹುಡುಗಿ ಎಡಗಡೆ ಹೆಂಗಸರ ಮಧ್ಯೆ, ಒಬ್ಬ ಹುಡುಗ ಹಿಂದಿನ ಬಾಗಿಲ ಹತ್ತಿರ. ಮೈಕ್ ಒಂದೇ. ಹಾಡು ಎತ್ತುವವರು ಮೊದಲ ಸಾಲು ಮೈಕಿನಲ್ಲಿ ಎತ್ತುತ್ತಾರೆ, ಎರಡನೆಯ ಸಾಲಿಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಜನರ ದನಿ ಬಿದ್ದರೆ ಮಾತ್ರ ಮುಂದೆ ಬರಬೇಕು. ಮೊದಲ ಕೆಲವು ವಾರ ಚರ್ಚಿನಲ್ಲಿ ಭಯಂಕರ ಮೌನ. ಪ್ರವೇಶ ಗೀತೆಯ ಎರಡನೆಯ ಸಾಲು ನಾಲ್ಕೈದು ದನಿಯಲ್ಲಿ ನಡುಗುತ್ತಾ ಹೋಗುತ್ತಿತ್ತು. ‘ಲಕ್ಷ ಕೊಟ್ಟು ಸೌಂಡ್ ಹಾಕಿಸಿದ್ದು ಆರಿಸಿ ಇಡೋದಕ್ಕಾ?’ ಎಂದು ಹಣಕಾಸು ಸಮಿತಿಯ ಹಿರಿಯರೊಬ್ಬರು ಕಾಂಪೌಂಡಿನಲ್ಲೇ ಕೇಳಿದರು. ವಾಚನಕ್ಕೆ, ಗುರುಗಳ ಪ್ರಬೋಧನೆಗೆ ಅದು ಬಹಳ ಚೆನ್ನಾಗಿ ಆಗುತ್ತಿದೆ ಅಣ್ಣ, ಹಾಡಿಗೆ ಬೇಡ ಎಂದೆ. ಗಾನವೃಂದದ ನಾಲ್ಕೈದು ಮಂದಿ ಬಿಟ್ಟೂ ಹೋದರು. ನಾನು ತಡೆಯಲಿಲ್ಲ.

ಮೌನ ಒಡೆದದ್ದು ಪೂಜೆಗೆ ಮುಂಚಿನ ಏಳೆಂಟು ನಿಮಿಷದ ಅಭ್ಯಾಸದಿಂದ. ಅದರಲ್ಲಿ ಪೂರ್ತಿ ಹಾಡು ಕಲಿಸುವುದಿಲ್ಲ. ಪಲ್ಲವಿ ಮಾತ್ರ, ಎರಡು ಸಲ. ಚರಣವನ್ನು ವಲಯದ (ಅಕ್ಕಪಕ್ಕದ ಮನೆಗಳ ಗುಂಪಿನ) ಪ್ರಾರ್ಥನಾ ಕೂಟಕ್ಕೆ ಬಿಟ್ಟೆ. ವಾರಕ್ಕೊಂದು ಮನೆಯಲ್ಲಿ ಈ ಕೂಟ, ಅಂದರೆ ಕಿರು ಕ್ರೈಸ್ತ ಸಮುದಾಯ, ಹೇಗೂ ಸೇರುತ್ತದೆ, ಅಲ್ಲಿ ಮುಂದಿನ ಭಾನುವಾರದ ಹಾಡನ್ನೇ ಹಾಡಿಸಿದರೆ ಬೇರೆ ಅಭ್ಯಾಸ ಬೇಕಿಲ್ಲ. ಧರ್ಮೋಪದೇಶ ತರಗತಿಯ ಮಕ್ಕಳಿಗೂ ಅದೇ ಹಾಡು. ಮಕ್ಕಳು ಮನೆಗೆ ಒಯ್ದದ್ದು ವಾರದೊಳಗೆ ತಾಯಂದಿರ ಬಾಯಲ್ಲಿ ಇರುತ್ತದೆ.

ಇಲ್ಲಿ ಒಂದು ಅಡ್ಡದಾರಿಯ ಪ್ರಯೋಗ ಹೇಳಲೇಬೇಕು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅದು. ಮೊದಲ ವಾಚನದ ನಂತರ ಬರುವ ಬೈಬಲಿನ ಕೀರ್ತನೆಯನ್ನು ನಮ್ಮಲ್ಲಿ ಯಾವಾಗಲೂ ಓದಿಬಿಡುತ್ತಿದ್ದರು. ನಮ್ಮೂರಲ್ಲಿ ಮದುವೆಗೆ ಸೋಬಾನೆ ಹೇಳುವ ಒಬ್ಬರು ಅಜ್ಜಿ ಇದ್ದಾರೆ, ಎಪ್ಪತ್ತರ ಮೇಲೆ. ಅವರ ಹತ್ತಿರ ಹೋಗಿ ಕೀರ್ತನೆಯ ಪಲ್ಲವಿ ಓದಿ ಹೇಳಿ, ‘ಇದನ್ನ ನಿಮ್ಮ ದಾಟಿಲಿ ಹೇಳಕ್ಕಾಗುತ್ತಾ ಅಜ್ಜಿ?’ ಎಂದು ಕೇಳಿದೆ. ಪುಸ್ತಕ ಕೊಡಲು ಹೋದರೆ, ‘ಪುಸ್ತಕ ಹಿಡ್ಕಂಡು ಯಾರಪ್ಪ ಸೋಬಾನೆ ಹೇಳ್ತಾರೆ? ಮುಂದ್ಲೋರು ಹೇಳ್ಬೇಕು, ಹಿಂದ್ಲೋರು ಹೇಳ್ಬೇಕು, ಅಷ್ಟೆಯ’ ಎಂದರು. ಕಣ್ಣು ಮುಚ್ಚಿ, ಎಡಗೈಯನ್ನು ಕಿವಿಗೆ ಇಟ್ಟುಕೊಂಡು ಎರಡು ಸಲ ಗುನುಗಿ ಮೂರನೆಯ ಸಲ ಪೂರ್ತಿ ಹೇಳಿದರು. ಪದ ಒಂದೂ ಬದಲಿಸದೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು. ಗ್ರಂಥದ ಪದ ಬದಲಿಸುವ ಹಾಗಿಲ್ಲ, ಗುರುಗಳು ಕೂತು ಕೇಳಿಯೇ ಒಪ್ಪಿದ್ದು. ಅಜ್ಜಿಯ ಜೊತೆ ನಾಲ್ಕು ಹೆಂಗಸರು ಮುಂದೆ ನಿಂತು ಹೇಳಿದ ಮೊದಲ ಭಾನುವಾರವೇ ಇಡೀ ಚರ್ಚು ಸೊಲ್ಲು ಹಿಡಿಯಿತು, ಯಾರೂ ಕಲಿಸದೆ. ಯಾವ ದಾಟಿ ಎಂದು ಕೇಳಬೇಡಿ, ಅದು ಅವರ ಆಸ್ತಿ. ನಿಮ್ಮೂರಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ, ಹುಡುಕಿ.

ತಮಟೆಯನ್ನೂ ತಂದು ನೋಡಿದೆವು, ಸೆಪ್ಟೆಂಬರ್ 8ರ ಮಾತೆಯ ಜನನದ ಹಬ್ಬಕ್ಕೆ. ಮೆರವಣಿಗೆಗೆ ಅದ್ಭುತ. ಒಳಗೆ, ತಾರಸಿಯ ಕೆಳಗೆ, ಪದವೇ ಕೇಳಲಿಲ್ಲ. ಈಗ ಬಾಗಿಲ ತನಕ ಮಾತ್ರ. ಕೈತಾಳ ಮತ್ತು ಹಳೆಯ ಹಾರ್ಮೋನಿಯಂ ಸಾಕಾಗಿದೆ. ಹಾರ್ಮೋನಿಯಂ ಉಪದೇಶಿಗಳ ಕೋಣೆಯ ಅಟ್ಟದ ಮೇಲೆ ಬಿದ್ದಿತ್ತು, ರಿಪೇರಿಗೆ ಮೂರು ಸಾವಿರದಷ್ಟು ಕೊಟ್ಟೆವು.

ಬಿಟ್ಟುಹೋದ ಹುಡುಗರು ಕ್ರಿಸ್ಮಸ್ ಹೊತ್ತಿಗೆ ವಾಪಸು ಬಂದರು. ಅವರಿಗೂ ಒಂದು ಜಾಗ ಬೇಕು, ಅದು ನ್ಯಾಯವೇ. ಪರಮಪ್ರಸಾದ ಹಂಚಿ ಮುಗಿದ ಮೇಲಿನ ಮೌನದ ನಂತರ ಒಂದು ಹಾಡು ಪೂರ್ತಿ ಅವರದು. ಎರಡು ದನಿ, ಮೂರು ದನಿ ಏನು ಬೇಕಾದರೂ ಮಾಡಲಿ, ಜನ ಕೂತು ಕೇಳುತ್ತಾರೆ. ಮೊದಲು ಆರು ಹಾಡಿಗೆ ಹರಿದು ಹೋಗುತ್ತಿದ್ದ ಅವರ ಶ್ರಮ ಈಗ ಒಂದಕ್ಕೆ ಬೀಳುವುದರಿಂದ ಗಾನವೃಂದ ಮೊದಲಿಗಿಂತ ಚೆನ್ನಾಗಿದೆ. ಇದನ್ನು ನಾನು ಹೇಳುತ್ತಿಲ್ಲ, ಅನುಮಾನ ಪಟ್ಟಿದ್ದ ಪಕ್ಕದ ಧರ್ಮಕೇಂದ್ರದವರೇ ನಮ್ಮ ಪಾಲಕ ಸಂತರ ಹಬ್ಬಕ್ಕೆ ಬಂದು ಹೇಳಿ ಹೋದರು.

ಭಾನುವಾರದ ಪೂಜೆ ನನಗೆ ಅಳತೆಗೋಲಲ್ಲ. ವಾರದ ನಡುವೆ ಮಧ್ಯಾಹ್ನ ನಡೆಯುವ ಸಾವಿನ ಪೂಜೆ ನನ್ನ ಅಳತೆ. ಆ ಹೊತ್ತಿಗೆ ಗಾನವೃಂದದ ಹುಡುಗರು ಕಾಲೇಜಿನಲ್ಲಿ, ಕೆಲಸದಲ್ಲಿ. ಮೊದಲೆಲ್ಲ ಉಪದೇಶಿಗಳು ಒಬ್ಬರೇ ಹಾಡಿ, ಒಬ್ಬರೇ ಉತ್ತರ ಹೇಳಿ ಮುಗಿಸುತ್ತಿದ್ದರು. ಹೋದ ವರ್ಷ ನಮ್ಮ ವಲಯದ ಒಬ್ಬ ಹಿರಿಯರು ತೀರಿಕೊಂಡಾಗ ಚರ್ಚಿನಲ್ಲಿ ನೂರು ನೂರೈವತ್ತು ಜನ ಇದ್ದರು, ಹಾಡು ಎತ್ತುವವರು ಯಾರೂ ಇರಲಿಲ್ಲ. ಪರಮಪ್ರಸಾದಕ್ಕೆ ಜನ ಏಳುವಾಗ ಹೆಂಗಸರ ಕಡೆಯಿಂದ ಯಾರೋ ಎತ್ತಿದರು, ಎಲ್ಲರೂ ಸೇರಿದರು, ನಾಲ್ಕು ಚರಣ ಪೂರ್ತಿ. ಸಮಾಧಿ ಸ್ಥಳದ ತನಕ ಅದೇ ನಡೆಯಿತು. ಆ ಮನೆಯವರು ಇವತ್ತಿಗೂ ಆ ಮಾತು ಎತ್ತುತ್ತಾರೆ.

ಲೆಕ್ಕ ಕೇಳುವವರಿಗೆ: ಕೀಬೋರ್ಡಿನ ಸಂಭಾವನೆ ನಿಂತು ವರ್ಷಕ್ಕೆ ಮೂವತ್ತು ಸಾವಿರದಷ್ಟು ಉಳಿಯಿತು. ಅದರಲ್ಲಿ ಹೆಚ್ಚಿನದು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಮೂಲಕ ಮಕ್ಕಳ ನೋಟ್‌ಬುಕ್ಕಿಗೆ ಹೋಗುತ್ತದೆ. ಉಳಿದದ್ದರಲ್ಲಿ ತಿಂಗಳ ಮೊದಲ ಭಾನುವಾರ ಎಂಟೂವರೆ ಪೂಜೆ ಆದ ಮೇಲೆ ಎಲ್ಲರಿಗೂ ಕಾಫಿ. ಪರಮಪ್ರಸಾದ ತೆಗೆದುಕೊಂಡು ನೇರ ಬೈಕ್ ಹತ್ತುತ್ತಿದ್ದವರು ಈಗ ಕೊನೆಯ ಆಶೀರ್ವಾದದ ತನಕ ಇರುತ್ತಾರೆ. ಪ್ರೊಜೆಕ್ಟರನ್ನು ಶಾಲೆಗೆ ಕೊಟ್ಟೆವು.

ಬೆಂಗಳೂರಿನಿಂದ ಒಬ್ಬರು, ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆ ಬೇರೆ ಬೇರೆ ಹೊತ್ತಿಗೆ ಇರುವಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದರು. ಕನ್ನಡ ಪೂಜೆಗೆ ಬರುವವರು ಅಲ್ಲಿ ಕಡಿಮೆ ಇದ್ದರೆ ಇನ್ನೂ ಸುಲಭ. ಐವತ್ತು ಜನ ಹತ್ತಿರ ಹತ್ತಿರ ಕೂತರೆ ಸಾಕು. ಚೆದುರಿ ಕೂರಲು ಬಿಡಬೇಡಿ.

ಮುಂದಿನ ಕೆಲಸ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆ. ಆ ರಾತ್ರಿಗೆ ಹಳೆಯ ಒಡಂಬಡಿಕೆಯ ಏಳು ವಾಚನ, ಪ್ರತಿಯೊಂದಕ್ಕೂ ಒಂದು ಕೀರ್ತನೆ. ಹೊತ್ತಾಗುತ್ತದೆ ಎಂದು ನಮ್ಮಲ್ಲಿ ಮೂರಕ್ಕೆ ಇಳಿಸಿದ್ದರು. ಈ ಸಲ ಏಳನ್ನೂ ಓದಿ ಏಳು ವಲಯಕ್ಕೆ ಏಳು ಕೀರ್ತನೆ ಹಂಚಬೇಕು ಎಂದು ಗುರುಗಳ ಮುಂದೆ ಇಟ್ಟಿದ್ದೇನೆ. ವಿಮೋಚನಾಕಾಂಡದ ಕೆಂಪು ಸಮುದ್ರದ ವಾಚನ ಯಾವ ಕಾರಣಕ್ಕೂ ಬಿಡುವ ಹಾಗಿಲ್ಲ. ಅದರ ನಂತರ ಬರುವ ವಿಜಯಗೀತೆ ಅಜ್ಜಿಯ ತಂಡಕ್ಕೆ ಎಂದು ಆಗಲೇ ತೀರ್ಮಾನವಾಗಿದೆ. ಮೂರು ವಲಯದವರು ಒಪ್ಪಿದ್ದಾರೆ. ಉಳಿದವರ ಮನೆಗೆ ಈ ವಾರ ಹೋಗಬೇಕು.